ಡ್ರೈವಿಂಗ್ ಮೇಷ್ಟ್ರ ಬಲಗಾಲು

ನಮ್ಮ ಬೀದಿಯ ಡ್ರೈವಿಂಗ್ ಮೇಷ್ಟ್ರಿಗೆ ಇಪ್ಪತ್ತಾರು ವರ್ಷಗಳ ಅನುಭವವಿದೆ. ನಂಬಿಕೆ ಮಾತ್ರ ಯಾರ ಮೇಲೂ ಇಲ್ಲ. ಅವರ ಕಾರಿನಲ್ಲಿ ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆ. ಅದು ಆಪತ್ತಿಗೆಂದು ಇಟ್ಟದ್ದು. ಮೇಷ್ಟ್ರ ಲೆಕ್ಕದಲ್ಲಿ ಗೇಟು ದಾಟಿದರೆ ಆಪತ್ತೇ.

ಈ ಸಲದ ಶಿಷ್ಯೆ ಅವರ ಹೆಂಡತಿ. ನರ್ಸು. ರೋಗಿಗಳ ಮನೆಗೇ ಹೋಗಿ ನೋಡುವ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಅದು ಬೇರೆಯವರ ಪಾಲು. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರು, ಎರಡು ಸಲವೂ ಬ್ರೇಕ್ ಹಾಕುವುದು ತಡವಾಗಿ. ಮೂರನೆಯದು ಶುಕ್ರವಾರ.

ಬುಧವಾರ ಬೆಳಿಗ್ಗೆ ಬ್ರೇಕ್ ಬಿದ್ದಾಗಲೆಲ್ಲ ಕಾರು ಕಿರ್ರೆಂದಿತು.

"ಎಲ್ಲಾ ನಿನ್ನ ಕಾಲಿನ ಪ್ರತಾಪ," ಎಂದರು ಮೇಷ್ಟ್ರು.

ಹೆಂಡತಿ ಕಾರನ್ನು ಸೀದಾ ತಮ್ಮನ ಗ್ಯಾರೇಜಿಗೆ ತಿರುಗಿಸಿದರು.

ತಮ್ಮ ಮುಂದಿನ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡನ್ನು ಅಂಗೈಯಲ್ಲಿಟ್ಟು ತೋರಿಸಿದ. ಹೊಸದರಲ್ಲಿ ಕಿರುಬೆರಳಿನಷ್ಟು ದಪ್ಪವಿದ್ದದ್ದು ಈಗ ನಾಣ್ಯದಷ್ಟಾಗಿತ್ತು.

"ಮೂರು ಮಿಲಿಮೀಟರ್‌ಗಿಂತ ಕಮ್ಮಿ ಆದ್ರೆ ಬದಲಾಯಿಸ್ಲೇಬೇಕು ಭಾವ. ಕಿರ್ ಅಂತ ಅದೇ ಬಾಯ್ಬಿಟ್ಟು ಹೇಳುತ್ತೆ. ಆದ್ರೂ ಹಾಕಿ ಆರು ತಿಂಗ್ಳಾಗಿಲ್ಲ, ಊಟಕ್ಕೆ ನೆಂಚ್ಕೊಂಡ್ರಾ?"

"ನಿಮ್ಮಕ್ಕನ್ನ ಕೇಳು."

"ಕೇಳೋದ್ಯಾಕೆ? ಇಬ್ರೂ ಬೂಟು ಬಿಚ್ಚಿ."

ಬಿಚ್ಚಿದರು. ಹೆಂಡತಿಯ ಬೂಟಿನ ಅಟ್ಟೆ ಅಂಗಡಿಯಿಂದ ಈಗ ತಂದಂತಿತ್ತು. ಮೇಷ್ಟ್ರ ಬಲಗಾಲಿನ ಅಟ್ಟೆಯಲ್ಲಿ ಹೆಬ್ಬೆರಳ ಬುಡಕ್ಕೆ ಸರಿಯಾಗಿ ತೂತು ಬಿದ್ದಿತ್ತು.

"ನೀನು ಇವತ್ತಿನ ತನಕ ಬ್ರೇಕೇ ಹಾಕಿಲ್ಲ ಕಣಕ್ಕಾ. ನೀನು ಕಾಲಿಡೋಕ್ ಮುಂಚೆ ಭಾವ ಒತ್ತಿರ್ತಾರೆ."

"ಅದಕ್ಕೇ! ಪರೀಕ್ಷೇಲಿ ಕಾರು ತಾನಾಗೇ ನಿಲ್ಲುತ್ತೆ ಅಂತ ಕಾಯ್ತಾ ಕೂತಿರ್ತಿದ್ದೆ."

ಇನ್ನೊಂದು ಬದಿಯ ಚಕ್ರದ ಪ್ಯಾಡುಗಳು ಸ್ವಲ್ಪ ದಿನ ಬಂದಾವು, ಅವನ್ನು ಬಿಟ್ಟುಬಿಡು ಎಂದರು ಮೇಷ್ಟ್ರು, ಮಾತು ತಪ್ಪಿಸಲು.

"ಒಂದು ಕಾಲಿಗೆ ಮಾತ್ರ ಹೊಸ ಚಪ್ಪಲಿ ಹಾಕ್ಕೊಂಡು ಓಡ್ತೀರಾ?" ಎಂದು ಬಾಮೈದ ಎರಡೂ ಕಡೆ ಹೊಸದು ಹಾಕಿದ. ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ, ಪ್ಯಾಡು ಕೂರಿಸಿ, ಬೋಲ್ಟು ಬಿಗಿ ಮಾಡಿ, ಚಕ್ರ ಸೇರಿಸಿದ.

"ಹೊರಡೋಕ್ ಮುಂಚೆ ನಿಂತಲ್ಲೇ ಪೆಡಲ್ ಒತ್ತಬೇಕು, ಗಟ್ಟಿ ಆಗೋ ತನಕ. ಇಲ್ದಿದ್ರೆ ಮೊದಲ್ನೇ ಸಲ ಬ್ರೇಕೇ ಹಿಡಿಯಲ್ಲ."

ಮೇಷ್ಟ್ರು ಕಾಲು ಚಾಚಿದರು.

"ನೀವಲ್ಲ ಭಾವ! ಅಕ್ಕ ಒತ್ತಲಿ."

ಮುಂದಿನ ಪಾಠಗಳನ್ನು ಮೇಷ್ಟ್ರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೇಳಿದರು. ಹೆಂಡತಿಯ ಆಜ್ಞೆ.

ಶುಕ್ರವಾರ ಅವರ ಸೀಟಿನಲ್ಲಿ ಪರೀಕ್ಷಕರು ಕೂತರು. ಮೇಷ್ಟ್ರು ಮೈದಾನದ ಅಂಚಿನ ಮರಳಿನಲ್ಲಿ ನಿಂತರು. ಕಾರು ವೇಗವಾಗಿ ಬಂದು, ಬಿಳಿ ಗೆರೆಗೆ ಗೇಣುದ್ದ ಮುಂಚೆ, ಮುಗ್ಗರಿಸದೆ ನಿಂತಿತು.

ಪಾಸಾದ ಚೀಟಿ ಹಿಡಿದು ಹೆಂಡತಿ ಇಳಿದು ಬಂದರು. "ಹೇಗಿತ್ತು?"

"ಪರವಾಗಿಲ್ಲ. ಇನ್ನೊಂಚೂರು ಬೇಗ ಒತ್ತಬಹುದಿತ್ತು."

"ನೀವು ಒತ್ತಿದ್ರಲ್ಲ, ಬಿಡಿ," ಎಂದರು ಹೆಂಡತಿ, ನೆಲ ನೋಡುತ್ತ. ಮೇಷ್ಟ್ರ ಬಲಗಾಲು ಮರಳಿನಲ್ಲಿ ಕಣಕಾಲಿನವರೆಗೆ ಹೂತಿತ್ತು.