ತಪ್ಪಿಹೋದ ಒಂದು 'ಇಲ್ಲ'

ಬೆಳಕು ಹರಿಯುವ ಹೊತ್ತು. ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ತೊಟ್ಟು ಇವರೊಬ್ಬರೇ ಕೂತಿದ್ದಾರೆ. ಎದುರಿನ ಪರದೆಯಲ್ಲಿ ಹಸಿರು ಗೆರೆಯೊಂದು ಓಡುತ್ತಿದೆ. ಅದು ಕೆಂಪಾದರೆ ಎಲ್ಲೋ ಯಾರದೋ ಕೈ ಗಾಳಿಯಲ್ಲೇ ನಿಂತಿದೆ ಎಂದರ್ಥ. "ಒಂದ್ನಿಮಿಷ, ಮಾತಾಡ್ಬೇಡಿ" ಎಂದು, ಇವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಬಾಯಿ ಮುಚ್ಚಿಸಿ ಏನೋ ಒತ್ತುತ್ತಾರೆ.

ಕಿವಿ ಕೇಳದವರು ಕೈಸನ್ನೆಯಲ್ಲಿ ಮಾತಾಡುವ ವಿಡಿಯೊ ಕರೆಗಳು ಇಲ್ಲಿಂದ ಹಾದುಹೋಗುತ್ತವೆ. ಇರುವುದು ಒಂದೇ ದೊಡ್ಡ ಕಂಪ್ಯೂಟರ್. ಅದರೊಳಗೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಹತ್ತಾರು ಕಂಪ್ಯೂಟರ್‌ಗಳು. ಪ್ರತಿಯೊಂದಕ್ಕೂ ಪ್ರೊಸೆಸರ್ ಪೂರ್ತಿ ತನ್ನದೇ ಎಂಬ ಭ್ರಮೆ. ಯಾರಿಗೆ ಯಾವಾಗ ಸರದಿ ಎಂದು ನೋಡಿಕೊಳ್ಳುವ ಇವರು ಸಹೋದ್ಯೋಗಿಗಳ ಬಾಯಲ್ಲಿ 'ಸರದಿಯಮ್ಮ'.

"ಮನೆ ತುಂಬ ಜನ, ಬಚ್ಚಲುಮನೆ ಒಂದೇ ಅಂದ್ಕೊಳ್ಳಿ" ಎಂದು ನಗುತ್ತಾರೆ. "ಲೆಕ್ಕಪತ್ರದೋರು ಆಮೇಲೆ ಹೋದ್ರೂ ನಡೆಯುತ್ತೆ. ವಿಡಿಯೊಗೆ ಹಾಗಲ್ಲ, ಚಿತ್ರ ಹೊತ್ತು ಮೀರಿ ಬಂದ್ರೆ ಬಂದೂ ದಂಡ. ಯಾರಿಗೆ ಎಷ್ಟು ಅವಸರ ಅಂತ ಸರದಿ ಹಂಚೋ ಸಾಫ್ಟ್‌ವೇರಿಗೆ ಗೊತ್ತೇ ಆಗ್ತಿರ್ಲಿಲ್ಲ. ಈಗ ಅವಸರ ಇದ್ದೋರು ಬಾಗಿಲು ಬಡಿದು ಹೇಳೋ ಹಾಗೆ ಮಾಡಿದೀನಿ."

ನಗು ಅಲ್ಲಿಗೇ ನಿಲ್ಲುತ್ತದೆ. ಇವರ ಅಕ್ಕನಿಗೂ ಹುಟ್ಟಿನಿಂದ ಕಿವಿ ಕೇಳದು. ಅಮ್ಮ ಇದ್ದದ್ದು ಅಕ್ಕನ ಜೊತೆ, ದೂರದ ಊರಲ್ಲಿ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಅಕ್ಕ ಕರೆ ಮಾಡಿದಾಗ, ಇದೇ ಯಂತ್ರದೊಳಗಿನ ಇನ್ನೊಂದು ಕಂಪ್ಯೂಟರ್ ಯಾವುದೋ ಕಂಪನಿಯ ವರ್ಷದ ಲೆಕ್ಕ ಹಾಕುತ್ತ ಪ್ರೊಸೆಸರನ್ನು ಹಿಡಿದು ಕೂತಿತ್ತು.

"'ಅಮ್ಮ ಚೆನ್ನಾಗಿ' ಅನ್ನೋವರೆಗೆ ಕಾಣಿಸ್ತು. 'ಇಲ್ಲ' ಅಂದಿದ್ದು ಹಾರಿಹೋಯ್ತು. ನಾನು ಖುಷಿಯಾಗಿ ಹೆಬ್ಬೆರಳೆತ್ತಿ ತೋರಿಸ್ದೆ. ಅಕ್ಕ ಕರೆ ಕಡಿದುಬಿಟ್ಲು."

ಸಂಜೆಯೊಳಗೆ ಅಮ್ಮ ತೀರಿಕೊಂಡರು. ಚಿತ್ರ ಹಾರಿಹೋಯಿತೆಂದು ಎಷ್ಟು ಅಂಗಲಾಚಿದರೂ ಅಕ್ಕ ನಂಬಲಿಲ್ಲ. "ಅದನ್ನ ನೋಡ್ಕೊಳ್ಳೋದೇ ನಿನ್ನ ಕೆಲಸ ಅಲ್ವಾ?" ಎಂದು ಬರೆದು ಕಳಿಸಿದರು. ಅಂದಿನಿಂದ ವಿಡಿಯೊ ಕರೆಯಿಲ್ಲ. ಯಾವಾಗಲೋ ಒಂದು ಸಂದೇಶ, ಅದೂ ಎರಡೇ ಸಾಲು.

ಈಗ ಚಿತ್ರ ಹಾರುವುದು ತೀರಾ ಅಪರೂಪ. ಹಾಗೆಂದು ಯಾರೂ ಬೆನ್ನು ತಟ್ಟುವುದಿಲ್ಲ. ಕೆಟ್ಟಾಗ ಮಾತ್ರ ನೆನಪಾಗುವ ಕೆಲಸ ಇದು. ಈ ಗೆರೆಯ ಮೇಲೆ ಸಾವಿರಾರು ಜನ ಮಾತಾಡುತ್ತಾರೆ, ಇವರ ಜೊತೆ ಮಾತಾಡುವವರಿಲ್ಲ. ಮನೆಯಲ್ಲಿ ಒಬ್ಬರೇ. ಅಡುಗೆ ಮಾಡುವಾಗ ಕೈಗಳು ಹಳೆಯ ರೂಢಿಯಿಂದ ಗೋಡೆಗೆ ಏನೋ ಹೇಳುತ್ತವಂತೆ.

ಏನಾದರೂ ಆಸೆ ಇದೆಯೇ ಎನ್ನುತ್ತೇನೆ. ಗೆರೆಯಿಂದ ಕಣ್ಣು ಕೀಳದೆ ಹೇಳುತ್ತಾರೆ: "ಅಕ್ಕ ಒಂದ್ಸಲ ಕರೆ ಮಾಡ್ಲಿ. ಬೈಯೋದಕ್ಕೇ ಮಾಡ್ಲಿ. ಒಂದು ಬೈಗುಳಾನೂ ತಪ್ಪಿಹೋಗದ ಹಾಗೆ ನೋಡ್ಕೊಂಡಿದೀನಿ."