ಕತ್ತರಿ ಮುಟ್ಟದ ಟಗರು

ವಡ್ಡು ಊರಿನ ಕುರುಬರ ಎರ್ರೆಮ್ಮ ಹರಕೆ ಹೊರುವಾಗ ಗಾಬರಿಯಲ್ಲಿ ಒಂದು ಮಾತು ಹೆಚ್ಚಿಗೆ ಆಡಿಬಿಟ್ಟಳು. ಜರ್ಮನ್ ಯುದ್ಧ ಮುಗಿದ ವರ್ಷ, ಊರಿಗೂರೇ ಜ್ವರದಲ್ಲಿ ಮಲಗಿತ್ತು. ಆರು ವರ್ಷದ ಒಬ್ಬಳೇ ಮಗಳು ಹಂಪಕ್ಕ ಕಣ್ಣು ಮೇಲೆ ಮಾಡಿದ್ದಳು. ಮಗಳು ಉಳಿದರೆ ಬೀರಪ್ಪನ ಹೆಸರಿಗೆ ಟಗರು ಬಿಡುತ್ತೇನೆ, ಅದು ಬದುಕಿರುವ ತನಕ ಮೈಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದಳು. ಟಗರು ಬಿಟ್ಟಿದ್ದರೆ ಸಾಕಿತ್ತು. ಕತ್ತರಿಯ ಮಾತು ಯಾರು ಕೇಳಿದ್ದರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಂಪಕ್ಕ ಎದ್ದು ಕೂತಳು.

ಸೊಂಡೂರು ಗುಡ್ಡದ ಊಬಿನ ಹುಲ್ಲು ಬಲು ಹಟಮಾರಿ. ದೀಪಾವಳಿ ಹೊತ್ತಿಗೆ ಬೀಜ ಮಾಗುತ್ತದೆ. ಬೀಜದ ಮೂತಿ ಸೂಜಿ, ಹಿಂದೆ ಉದ್ದನೆಯ ಬಾಲ. ಇಬ್ಬನಿಗೆ ಆ ಬಾಲ ಸುರುಳಿ ಬಿಚ್ಚುತ್ತದೆ, ಬಿಸಿಲಿಗೆ ಮತ್ತೆ ಹೊಸೆದುಕೊಳ್ಳುತ್ತದೆ. ಹಾಗೆ ತಿರುಗಿ ತಿರುಗಿ ಬೀಜ ತಾನೇ ನೆಲ ಕೊರೆದು ಇಳಿಯುತ್ತದೆ. ಬಿತ್ತುವವರು ಬೇಡ, ಕೂರಿಗೆ ಬೇಡ. ಕುರಿಯ ಮೈ ಸಿಕ್ಕರೆ ಅದನ್ನೂ ನೆಲವೆಂದೇ ತಿಳಿಯುತ್ತದೆ ಮುಂಡೇದು. ಅದಕ್ಕೇ ಕುರುಬರು ಊಬು ಮಾಗುವ ಮೊದಲೇ ಉಣ್ಣೆ ಕತ್ತರಿಸಿಬಿಡುತ್ತಾರೆ.

ಎಲ್ಲ ಕುರಿಗಳೂ ಬೋಳಾಗುತ್ತಿದ್ದವು, ದೇವರ ಟಗರೊಂದು ಬಿಟ್ಟು. ಊಬಿನ ಕಾಲ ಮುಗಿಯುವ ತನಕ ಗಂಡ ಹುಲುಗಪ್ಪ ಅದನ್ನು ಮನೆಯಲ್ಲೇ ಕಟ್ಟಿ ಹಾಕುತ್ತಿದ್ದ. ಎರಡು ವರ್ಷ ಹೀಗೇ ಸಾಗಿತು. ಮೂರನೆಯ ವರ್ಷ ಅದು ಹಗ್ಗ ಹರಿದುಕೊಂಡು ಮಂದೆಯ ಹಿಂದೆ ಗುಡ್ಡ ಹತ್ತಿತು. ನಾಲ್ಕು ದಿನ ಬಿಟ್ಟು ಸಿಕ್ಕಾಗ ಮೈತುಂಬ ಊಬು.

ಹಂಪಕ್ಕನಿಗೆ ಆ ಟಗರೆಂದರೆ ಜೀವ. ಕೈಯಾರೆ ಹುರುಳಿ ತಿನ್ನಿಸಿ ಬೆಳೆಸಿದ್ದಳು. ತಾಯಿ ಮಗಳು ಅಂಗಳದಲ್ಲಿ ಕೂತು ಒಂದೊಂದೇ ಬೀಜ ಕಿತ್ತರು. ದಟ್ಟ ಉಣ್ಣೆಯಡಿ ಚರ್ಮ ಹೊಕ್ಕಿದ್ದ ಬೀಜಗಳು ಬೆರಳಿಗೆ ಸಿಗಲಿಲ್ಲ, ಗಾಯಗಳು ಕೀವಾದವು. ಹಂಪಕ್ಕ ಕತ್ತರಿ ತಂದು ಕೊಟ್ಟಳು. ಎರ್ರೆಮ್ಮ ಅದನ್ನು ಕಸಿದು ಮಾಳಿಗೆಯ ಮೇಲೆ ಎಸೆದಳು. ಕತ್ತರಿ ಆಡಿಸಿದರೆ ದೇವರು ಯಾರನ್ನು ವಾಪಸು ಕೇಳುತ್ತಾನೆಂದು ಅವಳ ಹೊಟ್ಟೆಗೆ ಗೊತ್ತಿತ್ತು. ಒಂಬತ್ತನೆಯ ದಿನ ಟಗರು ಸತ್ತಿತು.

ಮುಂದಿನ ಮಳೆಗೆ, ಕಿತ್ತೆಸೆದ ಬೀಜವೆಲ್ಲ ಅಂಗಳದಲ್ಲಿ ಹುಟ್ಟಿತು. ಮಗಳ ಕಣ್ಣಿಗೆ ಬೀಳಬಾರದೆಂದು ಎರ್ರೆಮ್ಮ ಬೆಳಗಾಗುತ್ತಲೇ ಹುಲ್ಲು ಕೀಳುತ್ತ ಕೂತಿದ್ದಳು. ಹಂಪಕ್ಕ ಹಿಂದೆ ಬಂದು ನಿಂತಳು.

"ಕತ್ತರಿ ಆಡಿಸಿದ್ರ ಅದು ಉಳೀತಿತ್ತಲ್ಲ ಯವ್ವಾ?"

"ಉಳೀತಿತ್ತು. ನೀ ಉಳೀತಿದ್ಯೋ ಇಲ್ಲೋ, ಅದು ನನಗ ಗೊತ್ತಿರಲಿಲ್ಲ. ನಾಳೆ ಅಂಥಾ ಹೊತ್ತು ಬಂದ್ರೂ ನಾ ಹಂಗ ಮಾಡ್ತೀನಿ."

ಹುಡುಗಿ ಒಳಗೆ ಹೋದಳು. ಮೆಟ್ರಿ ಊರಿಗೆ ಮದುವೆಯಾಗಿ ಹೋಗುವ ತನಕ ಅವಳು ತಾಯಿಯ ಕೈಯಲ್ಲಿ ತಲೆ ಬಾಚಿಸಿಕೊಳ್ಳಲಿಲ್ಲ.