ಪಕ್ಕೆಲುಬಿನ ಕೆಳಗೆ ನಾಲ್ಕು ಬೆರಳು

ಲಾಕ್‌ಡೌನ್ ಮುಗಿದು ಮೆಡಿಕಲ್ ಕಾಲೇಜು ತೆರೆದಾಗ ನಮಗೆಲ್ಲ ಒಂದು ಹಾಳೆ ಹಂಚಿದರು. ಆನ್‌ಲೈನ್ ಪಾಠ ಮೇಲೋ, ವಾರ್ಡಿನಲ್ಲಿ ಕೈಹಿಡಿದು ಕಲಿಸುವುದು ಮೇಲೋ, ಅಭಿಪ್ರಾಯ ಬರೆಯಬೇಕು. ಕೊಪ್ಪಳದ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಯಲಬುರ್ಗಾ ಕಡೆಯ ಗೆಳತಿ ಕೂಡಲೇ ತುಂಬಿದಳು.

"ಆನ್‌ಲೈನೇ ಛಲೋ. ತಿಳೀಲಿಲ್ಲಂದ್ರ ವಿಡಿಯೋ ಹಿಂದಕ್ಕ ಓಡಸ್ತಿ. ಮೇಡಮ್ಮಾರನ್ನ ಓಡಸಾಕ ಬರತೈತೇನು?"

ನಾನು ನಕ್ಕೆ. ನನ್ನ ಖಾಲಿ ಹಾಳೆ ಪುಸ್ತಕದೊಳಗೆ ಉಳಿಯಿತು.

ಹೊಟ್ಟೆ ಪರೀಕ್ಷಿಸುವುದನ್ನು ನಾನು ಗಂಗಾವತಿ ಕಡೆಯ ಸಿದ್ದಾಪುರದ ನಮ್ಮ ಮನೆಯಲ್ಲಿ, ಫೋನಿನಲ್ಲಿ ಕಲಿತವಳು. ಪರದೆಯಲ್ಲಿ ಕಾಣುತ್ತಿದ್ದುದು ಪಾಠ ಮಾಡುವ ಸರ್ ಅವರ ಎರಡು ಕೈ, ರೋಗಿಯ ಪಕ್ಕೆಲುಬಿನ ಅಂಚು, ಅಷ್ಟೇ. ನನ್ನ ಅಭ್ಯಾಸಕ್ಕೆಂದು ಅವ್ವ ಹೊರಸಿನ ಮೇಲೆ ಮಲಗುತ್ತಿದ್ದಳು. ಕಂಡ ಜಾಗದಲ್ಲೇ ನಾನೂ ಬೆರಳಿಡುತ್ತಿದ್ದೆ. ಸರಿಯಿರುವ ಲಿವರ್ ಪಕ್ಕೆಲುಬಿನ ಮರೆಯಲ್ಲೇ ಇರುತ್ತದೆ, ದೊಡ್ಡದಾದರೆ ಕೆಳಗಿಳಿದು ಕೈಗೆ ಸಿಗುತ್ತದೆ ಎಂದು ಕಲಿತಿದ್ದೆ. ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯುತ್ತಿದ್ದೆ: ಲಿವರ್ ಕೈಗೆ ಸಿಗಲಿಲ್ಲ, ನಾರ್ಮಲ್.

"ಡಾಕ್ಟರಮ್ಮ ಹೇಳಿದ ಮ್ಯಾಲ ಮುಗೀತು" ಎಂದು ಅವ್ವ ಏಳುತ್ತಿದ್ದಳು.

ವಾರ್ಡಿನಲ್ಲಿ ನನಗೆ ಮೊದಲು ಸಿಕ್ಕ ರೋಗಿ ಕುಷ್ಟಗಿ ಕಡೆಯ ಹೆಂಗಸು. ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿ, ಲಿವರ್ ಸಿಗುತ್ತಿಲ್ಲ ಅಂದೆ.

"ಹಿಟ್ಟು ನಾದಾಕತ್ತೀಯೇನವ್ವ?" ಎಂದಳು ಆಕೆ. ಎಲ್ಲರೂ ನಕ್ಕರು.

ವಾರ್ಡಿನಲ್ಲಿ ಕಲಿಸುವ ಮೇಡಂ ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದು ಕೈಯನ್ನು ಕೆಳಗೆ, ಸೊಂಟದ ಎಲುಬಿನ ಹತ್ತಿರ ಇಟ್ಟರು. "ಇಲ್ಲಿಂದ ಸುರು ಮಾಡು. ನೀನು ಲಿವರಿನ ಮ್ಯಾಲೇ ಕೈ ಇಟ್ಟು ಅದರ ಅಂಚು ಹುಡುಕಾಕತ್ತಿದ್ದಿ. ಒತ್ತಬ್ಯಾಡ. ಆಕಿ ಉಸಿರು ತಗೊಂಡಾಗ ಅದೇ ಬಂದು ಬೆರಳಿಗೆ ತಾಗತೈತಿ."

ಉಸಿರಿಗೊಮ್ಮೆ ಒಂದೊಂದು ಬೆರಳು ಮೇಲೆ ಸರಿದೆ. ತಾಗಿತು.

ಸರ್ ಕೂಡ ಕೆಳಗಿನಿಂದಲೇ ತೋರಿಸಿರಬಹುದು. ಕ್ಯಾಮೆರಾ ಅಲ್ಲಿರಲಿಲ್ಲ.

ಆ ಶನಿವಾರ ಗಂಗಾವತಿಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅವ್ವನನ್ನು ಮಲಗಿಸಿ ಕೆಳಗಿನಿಂದ ಸುರು ಮಾಡಿದೆ. ಪಕ್ಕೆಲುಬಿನಿಂದ ನಾಲ್ಕು ಬೆರಳು ಕೆಳಗೆ, ಉಸಿರಿನ ಜೊತೆ ಏನೋ ಬಂದು ತಾಗಿ ಹಿಂದೆ ಸರಿಯಿತು. ಇನ್ನೊಮ್ಮೆ ನೋಡಿದೆ. ಅಲ್ಲೇ ಇತ್ತು.

"ಈಗ ಕೈ ಹಗುರ ಆಗೇತಿ ನಿಂದು. ನಾರ್ಮಲ್ ಹೌದಿಲ್ಲೋ?"

"ಸೋಮವಾರ ಕೊಪ್ಪಳಕ್ಕ ಹೋಗೂಣವ್ವ. ಮೇಡಂ ಒಮ್ಮೆ ನೋಡ್ಲಿ."

ಅವ್ವ ನನ್ನ ಮುಖ ನೋಡಿದಳು. "ಎಮ್ಮಿ ಹಾಲು ಯಾರು ಹಿಂಡತಾರ?" ಎಂದಷ್ಟೇ ಕೇಳಿದಳು.

ನನಗೆ ಅಳು ಬರಲಿಲ್ಲ. ಹಳೆಯ ನೋಟ್‌ಬುಕ್ ತೆಗೆದೆ. ಪುಟದಿಂದ ಪುಟಕ್ಕೆ ನಾರ್ಮಲ್, ನಾರ್ಮಲ್. ಲಿವರ್ ಆಗಲೇ ದೊಡ್ಡದಾಗಿತ್ತೋ, ಆಮೇಲೆ ಆಯಿತೋ, ಆ ಬರಹದಿಂದ ಹೇಳಲು ಬರುವುದಿಲ್ಲ. ಯಾವುದನ್ನೂ ಹೊಡೆದು ಹಾಕಲಿಲ್ಲ. ಕೆಳಗೆ ಆ ದಿನದ ದಿನಾಂಕ ಹಾಕಿ ಬರೆದೆ: ನಾಲ್ಕು ಬೆರಳು. ಮೇಡಂಗೆ ತೋರಿಸಲು ಅದನ್ನು ಅವ್ವನ ಸೀರೆಯ ಜೊತೆ ಚೀಲದಲ್ಲಿಟ್ಟೆ.